ಹೆಳವರ ಪುಸ್ತಕದಲ್ಲಿ ಹೆಣ್ಣುಮಕ್ಕಳೂ ಬರಲಿ

ಉತ್ತರ ಕರ್ನಾಟಕದ ನಮ್ಮ ಮನೆಗಳಿಗೆ ಹೆಳವರು ಬಂದು ವಂಶಾವಳಿ ಓದಿ, ಹೊಸ ಹೆಸರು ಬರೆದುಕೊಂಡು, ಕಾಳು-ಕಾಣಿಕೆ ಪಡೆಯುವುದು ಶರಣಬಂಧುಗಳಿಗೆ ಗೊತ್ತಿದ್ದದ್ದೇ. ನಮ್ಮ ಮನೆತನದ ಪುಟ ಓದಿಸಿ ಕೇಳಿದೆ. ಅಜ್ಜ, ಮುತ್ತಜ್ಜಂದಿರ ಸಾಲು ಉದ್ದಕ್ಕಿದೆ, ಅಜ್ಜಿಯರಿಲ್ಲ, ಹೆಣ್ಣುಮಕ್ಕಳಿಲ್ಲ.

ನಾನೀಗಿರುವ ಬಜಗೋಳಿಯಲ್ಲಿ ಇದನ್ನು ಹೇಳಿದರೆ ನೆರೆಯವರು ನಗುತ್ತಾರೆ. ಅಳಿಯಸಂತಾನದ ಬಂಟರಲ್ಲಿ, ಬಿಲ್ಲವರಲ್ಲಿ ಬಳಿ ಬರುವುದೇ ತಾಯಿಯಿಂದ. ಕಾರ್ಕಳದ ಭೈರರಸರ ಪಟ್ಟವೂ ಅಳಿಯನಿಗೆ ಹೋಗುತ್ತಿತ್ತು.

ಮಾದಾರ ಚೆನ್ನಯ್ಯನನ್ನು ಅಪ್ಪನೆಂದವರು ಬಸವಣ್ಣನವರು. ಹರಳಯ್ಯ-ಮಧುವರಸರ ಬೀಗತನಕ್ಕಾಗಿ ಕಲ್ಯಾಣವೇ ಹೊತ್ತಿ ಉರಿಯಿತು. ಅವರ ಹೆಸರು ಹೇಳುವ ನಾವು, ಒಳಪಂಗಡ ಮೀರಿ ಮದುವೆಯಾದ ಮಗಳನ್ನು ಪುಸ್ತಕದಿಂದ ಬಿಡಿಸುವುದು ಯಾವ ನ್ಯಾಯ? ತಪ್ಪು ಹೆಳವರದಲ್ಲ; ಅವರು ಬರೆಯುವುದು ನಾವು ಹೇಳಿದ್ದನ್ನೇ.

ಮುಂದಿನ ಸಲ ಅವರು ಬಂದಾಗ ಸೊಸೆ, ಮಗಳು, ಬೇರೆ ಜಾತಿಯ ಅಳಿಯ, ಎಲ್ಲರನ್ನೂ ಬರೆಸಿ, ಕಾಣಿಕೆಯನ್ನೂ ಹೆಚ್ಚಿಸೋಣ. ಮಠಗಳು ಅವರ ಒಪ್ಪಿಗೆ ಪಡೆದು, ತಕ್ಕ ಸಂಭಾವನೆ ಕೊಟ್ಟು, ಪುಸ್ತಕಗಳ ನಕಲು ಮಾಡಿಸಿಡಲಿ.