ಒಬ್ಬಂಟಿ ಮುಪ್ಪಿನ ಲೆಕ್ಕ

ಇಬ್ಬರ ಸಂಸಾರದಲ್ಲಿ ಒಬ್ಬರು ತೀರಿಕೊಂಡರೆ ಖರ್ಚು ಅರ್ಧಕ್ಕಿಳಿಯುತ್ತದೆಂದು ತಿಳಿದವರು ಮುದುಕರ ಮನೆಯ ಲೆಕ್ಕವನ್ನು ಒಮ್ಮೆ ನೋಡಬೇಕು. ರೊಟ್ಟಿ ಅರ್ಧವಾದೀತು, ಬಾಡಿಗೆ ಅರ್ಧವಾಗದು. ಒಲೆ ಒಬ್ಬರಿಗೂ ಹೊತ್ತಬೇಕು, ಇಬ್ಬರಿಗೂ ಹೊತ್ತಬೇಕು. ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವರಿಗೂ ದುಡ್ಡು ಕೊಡಬೇಕು.

ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಲ್ಲಿ ಇಂಥ ಮನೆಗಳು ಹೇಗೆ ಹುಟ್ಟುತ್ತವೆಂಬುದು ನಮ್ಮ ಓದುಗರಿಗೆ ಹೊಸದಲ್ಲ. ದುಡಿಯುವ ಮಕ್ಕಳು ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುತ್ತಾರೆ, ಮುದುಕರು ಊರು ಕಾಯುತ್ತಾರೆ. 2007ರ ಕಾನೂನಿನಂತೆ ತಂದೆತಾಯಿಗಳು ಜೀವನಾಂಶಕ್ಕಾಗಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು, ವಕೀಲರು ಬೇಕಿಲ್ಲ. ಉಳ್ಳ ಮಕ್ಕಳು ಕೈಬಿಟ್ಟಾಗ ಈ ದಾರಿ ಹಿಡಿಯಲೇಬೇಕು. ಆದರೆ ಸಿಮೆಂಟು ಹೊತ್ತು ತಗಡಿನ ಶೆಡ್ಡಿನಲ್ಲಿ ಮಲಗುವ ಮಗನ ಮೇಲೆ ಯಾವ ತಾಯಿ ಅರ್ಜಿ ಹಾಕಿಯಾಳು?

ಇನ್ನು ಸರಕಾರದ ಲೆಕ್ಕ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ 2021ರಲ್ಲಿ ತಿಂಗಳಿಗೆ 1,200 ರೂ. ಆಯಿತು, ಎಂದರೆ ದಿನಕ್ಕೆ 40 ರೂ. ವೃದ್ಧಾಪ್ಯ ವೇತನಕ್ಕೆ ಕೇಂದ್ರ ಸರಕಾರ ಕೊಡುವ ಪಾಲು 79 ವರ್ಷದವರೆಗೆ ಬರೀ 200 ರೂ. 2007ರಲ್ಲಿ ಯೋಜನೆಗೆ ಹೊಸ ಹೆಸರಿಟ್ಟಾಗಲೂ 200, ಈಗಲೂ 200. ದಿನಕ್ಕೆ 7 ರೂಪಾಯಿಯೂ ಆಗಲಿಲ್ಲ! 1963ರಲ್ಲಿ ಲೋಹಿಯಾ ಅವರು ಲೋಕಸಭೆಯಲ್ಲಿ ದೇಶದ 27 ಕೋಟಿ ಜನ ದಿನಕ್ಕೆ 3 ಆಣೆಯಲ್ಲಿ ಬದುಕುತ್ತಿದ್ದಾರೆಂದಾಗ ಸರಕಾರದವರು 15 ಆಣೆಯೆಂದು ವಾದಿಸಿದರು. ಆಣೆ ಹೋಯಿತು, ಆ ವಾದ ಮಾತ್ರ ಹೋಗಿಲ್ಲ.

ಗಿರಣಿ ಕಾರ್ಮಿಕರ ಗತಿ ಇನ್ನೂ ವಿಚಿತ್ರ. ಹತ್ತಿ ಜಿನ್ನಿಂಗಿನ ಕೆಲಸ ಹಂಗಾಮಿನದು. ಹಮಾಲರ ಹೆಸರು ಪ್ರಾವಿಡೆಂಟ್ ಫಂಡಿನ ಪಟ್ಟಿಗೆ ಏರುವುದೇ ಕಷ್ಟ. 10 ವರ್ಷ ಪಟ್ಟಿಯಲ್ಲಿ ಉಳಿದವರಿಗೆ 58ಕ್ಕೆ ಪಿಂಚಣಿಯುಂಟು. ಅದರ ಕನಿಷ್ಠ ಮೊತ್ತ 2014ರಲ್ಲಿ ಗೊತ್ತಾದ 1,000 ರೂ., ಅದಕ್ಕೆ ತುಟ್ಟಿಭತ್ಯೆಯಿಲ್ಲ. ಬೇರೆ ಪಿಂಚಣಿ ಪಡೆಯುವವರಿಗೆ ಸಂಧ್ಯಾ ಸುರಕ್ಷಾ ಸಲ್ಲದೆಂಬುದು ನಿಯಮ. ಅಂದರೆ 1,000 ಬಂದವನಿಗೆ 1,200 ತಪ್ಪಿತು. ವರ್ಷಗಟ್ಟಲೆ ಚಂದಾ ಕಟ್ಟಿದ್ದಕ್ಕೆ ತಿಂಗಳಿಗೆ 200 ರೂ. ದಂಡ! 2007ರಲ್ಲಿ ಸಂಧ್ಯಾ ಸುರಕ್ಷಾ ಬಂದಾಗ ಗಂಡಹೆಂಡಿರ ಠೇವಣಿ 10,000 ರೂ. ಮೀರಬಾರದೆಂದೂ ಬರೆದರು. ತಮ್ಮ ಮಣ್ಣಿಗೆಂದು ಕೂಡಿಟ್ಟ ಹಣವೂ ಬಡವರ ಪಾಲಿಗೆ ಅಪರಾಧವಾಯಿತು.

2023ರಲ್ಲಿ ಬಂದ ಗೃಹಲಕ್ಷ್ಮಿಯ 2,000 ರೂ. ಮನೆಯ ಯಜಮಾನಿಗೆ. ಹೆಂಡತಿ ಸತ್ತ ಮುದುಕನ ಮನೆಯಲ್ಲಿ ಯಜಮಾನಿ ಎಲ್ಲಿಂದ ಬರಬೇಕು? ಪಡಿತರವೂ ತಲೆಯೆಣಿಕೆಯ ಮೇಲೆ. ಆದರೆ ಅಂತ್ಯೋದಯ ಕಾರ್ಡಿಗೆ ತಲೆಯೆಷ್ಟೇ ಇರಲಿ 35 ಕಿಲೊ ಧಾನ್ಯ. 2003ರಲ್ಲಿ ಆ ಯೋಜನೆಯನ್ನು ವಿಸ್ತರಿಸಿದಾಗ ಆಸರೆಯಿಲ್ಲದ, 60 ದಾಟಿದ ಒಂಟಿ ಜನರನ್ನೂ ಅದರಲ್ಲಿ ಸೇರಿಸಲಾಗಿದೆ. ಇದನ್ನು ಓದುಗರು ನೆನಪಿಡಬೇಕು.

ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಸಣ್ಣ ವ್ಯಾಪಾರಿಗಳು ತಿಳಿಯಬಾರದು. ಪಿಂಚಣಿ ತಡವಾದರೆ ಅದು ಮೊದಲು ಗೊತ್ತಾಗುವುದು ಅವರ ಉದ್ರಿ ಪುಸ್ತಕಕ್ಕೆ. ಹತ್ತು ರೂಪಾಯಿಯ ಬೇಳೆ, ಹತ್ತು ರೂಪಾಯಿಯ ಎಣ್ಣೆ ಒಯ್ಯುವ ಮುದುಕಿ ಚೀಲಗಟ್ಟಲೆ ಕೊಳ್ಳುವವರಿಗಿಂತ ಹೆಚ್ಚಿನ ದರ ತೆರುತ್ತಾಳೆಂಬುದನ್ನು ಅವರೇ ಬಲ್ಲರು. ನಾಳೆ ಗಲ್ಲೆ ಬಿಟ್ಟೆದ್ದಾಗ ಅವರಿಗೂ ಇದೇ ಮುಪ್ಪು.

ಸಂವಿಧಾನದ 41ನೆಯ ವಿಧಿ ಮುಪ್ಪಿನಲ್ಲಿ ಸರಕಾರದ ನೆರವನ್ನು ಹೇಳಿದೆ. ಆದುದರಿಂದ ನಮ್ಮ ಬೇಡಿಕೆ ಭಿಕ್ಷೆಯಲ್ಲ. ಬೆಲೆ ಏರಿದಂತೆ ಪಿಂಚಣಿ ಏರಬೇಕು. ಫಂಡಿನ ಪಿಂಚಣಿಯೂ ಸಂಧ್ಯಾ ಸುರಕ್ಷೆಯೂ ಒಂದನ್ನೊಂದು ನುಂಗಬಾರದು. ಆಸರೆಯಿಲ್ಲದ ಒಂಟಿ ಮುದುಕರಿಗೆಲ್ಲ ಅಂತ್ಯೋದಯ ಕಾರ್ಡು ಸಿಗಬೇಕು.

ಸರಕಾರ ಏಳುವವರೆಗೆ ನಾವು ಕೂತಿರುವಂತಿಲ್ಲ. ಪ್ರತಿ ಓಣಿಯಲ್ಲಿ ಒಂಟಿಯಾಗಿರುವ ಮುದುಕರ ಪಟ್ಟಿ ಮಾಡಿರಿ. ಕೈಹಿಡಿದು ನಾಡಕಚೇರಿಗೆ ಕರೆದೊಯ್ದು ಅರ್ಜಿ ಹಾಕಿಸಿರಿ, ಸ್ವೀಕೃತಿ ಚೀಟಿ ಪಡೆಯದೆ ಹಿಂದಿರುಗಬೇಡಿರಿ. ದುಡಿದ ಕೈ ಸೋತಾಗ ಹಿಡಿಯುವವರು ದುಡಿಯುವವರೇ ಹೊರತು ಬೇರೆ ಯಾರೂ ಅಲ್ಲ.