ಯಾರು ಯಾರಿಗೆ ಶ್ರುತಿ ಸೇರಿಸಬೇಕು?

ಊರ ಉತ್ಸವವಿರಲಿ, ಕಾಲೇಜಿನ ವಾರ್ಷಿಕೋತ್ಸವವಿರಲಿ, ನಮ್ಮ ಧರ್ಮಕೇಂದ್ರಗಳ ಹಬ್ಬದ ಸಂಜೆಯಿರಲಿ, ಆಮಂತ್ರಣ ಪತ್ರಿಕೆಯಲ್ಲಿ ‘ಫ್ಯೂಷನ್ ಸಂಗೀತ’ ಎಂಬ ಸಾಲು ಇಲ್ಲದಿದ್ದರೆ ಕಾರ್ಯಕ್ರಮಕ್ಕೆ ಕಳೆಯೇ ಇಲ್ಲ ಎಂಬ ಭಾವನೆ ಬೆಳೆದುಬಿಟ್ಟಿದೆ. ಒಂದು ಕೀಬೋರ್ಡ್, ಒಂದು ಡ್ರಮ್ ಸೆಟ್, ಎರಡು ಗಿಟಾರುಗಳು. ಅವುಗಳ ನಡುವೆ ಒಬ್ಬ ಮೃದಂಗ ವಾದಕರು, ಒಬ್ಬ ನಾಗಸ್ವರ ವಿದ್ವಾಂಸರು. ಕೊನೆಗೆ ಐದು ನಿಮಿಷದ ಮಟ್ಟಿಗೆ ವೇದಿಕೆಯೇರಿ ಇಳಿಯುವ ಡೊಳ್ಳಿನ ತಂಡ. ಎಲ್ಲರೂ ಒಟ್ಟಾಗಿ ವೇಗ ಹೆಚ್ಚಿಸುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ, ನಿರೂಪಕರು ಇದನ್ನು ‘ಸಂಪ್ರದಾಯಗಳ ಸಂಗಮ’ ಎಂದು ಘೋಷಿಸುತ್ತಾರೆ. ಇದು ನಿಜಕ್ಕೂ ಸಂಗಮವೇ? ಅಲ್ಲವೆಂದೇ ನನ್ನ ವಾದ. ಒಂದೇ ವೇದಿಕೆಯಲ್ಲಿ ನಿಂತವರೆಲ್ಲ ಒಂದಾದರು ಎಂದರೆ, ಒಂದೇ ಬಸ್ಸಿನಲ್ಲಿ ಕುಳಿತವರೆಲ್ಲ ಒಂದು ಕುಟುಂಬ ಎಂದಂತಾಯಿತು.

ಹಾಗೆಂದ ಮಾತ್ರಕ್ಕೆ ‘ಬೆರಕೆಯೇ ಅಪಚಾರ’ ಎನ್ನುವ ಶುದ್ಧಿವಾದಿಗಳ ಪಂಕ್ತಿಯಲ್ಲಿ ನಾನು ಕುಳಿತಿಲ್ಲ. ಇಂದು ಪಿಟೀಲಿಲ್ಲದ ಕರ್ನಾಟಕ ಸಂಗೀತ ಕಛೇರಿಯನ್ನು ಊಹಿಸಿಕೊಳ್ಳುವುದೂ ಕಷ್ಟ. ಆ ಪಿಟೀಲು ಯೂರೋಪಿನದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಹಾರ್ಮೋನಿಯಂ ಭಾರತೀಯವಲ್ಲ, ಅದರಲ್ಲಿ ಗಮಕ ನುಡಿಯದು ಎಂದು ಆಕಾಶವಾಣಿ 1940ರಲ್ಲಿ ಅದನ್ನು ಬಹಿಷ್ಕರಿಸಿ, ಮೂರು ದಶಕಗಳ ಕಾಲ ಹೊರಗಿಟ್ಟಿತು. ಆದರೆ ಗಾಯಕರಾಗಲಿ, ರಂಗಭೂಮಿಯಾಗಲಿ ಅದನ್ನು ಕೈಬಿಡಲಿಲ್ಲ. ಹೊರಗಿನಿಂದ ಬಂದದ್ದೆಲ್ಲ ಮೈಲಿಗೆ ಎಂಬ ವಾದವನ್ನು ನಮ್ಮ ಸಂಗೀತದ ಇತಿಹಾಸವೇ ತಿರಸ್ಕರಿಸಿದೆ.

ಆದುದರಿಂದ ಪ್ರಶ್ನೆಯಿರುವುದು ಬೆರೆಯಬಹುದೇ ಎಂಬುದರಲ್ಲಿ ಅಲ್ಲ, ಬೆರೆಯುವುದಕ್ಕೆ ತೆರಬೇಕಾದ ಬೆಲೆಯನ್ನು ಯಾರು ತೆರುತ್ತಾರೆ ಎಂಬುದರಲ್ಲಿ.

‘ಶಕ್ತಿ’ ಎಂಬ ಸುಪ್ರಸಿದ್ಧ ತಂಡವನ್ನೇ ನೋಡಿ. ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಇವರೆಲ್ಲ ಕೂಡಿ ನುಡಿಸಿದ ತಂಡವಿದು. 1975ರ ಜುಲೈನಲ್ಲಿ ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್ ಕಾಲೇಜಿನಲ್ಲಿ ಅವರು ನೀಡಿದ ಕಛೇರಿಯೇ ಮರುವರ್ಷ ಅವರ ಮೊದಲ ಧ್ವನಿಮುದ್ರಿಕೆಯಾಗಿ ಹೊರಬಂದಿತು. ಮೆಕ್‌ಲಾಫ್ಲಿನ್ ಆ ಹೊತ್ತಿಗಾಗಲೇ ವಿದ್ಯುತ್ ಗಿಟಾರಿನ ಅಬ್ಬರದಿಂದ ಲೋಕವಿಖ್ಯಾತರಾಗಿದ್ದವರು. ಆದರೂ ಅವರು ವಿದ್ವಾನ್ ಎಸ್. ರಾಮನಾಥನ್ ಅವರ ಬಳಿ ಶಿಷ್ಯರಾಗಿ ವೀಣೆಯ ಪಾಠ ಹೇಳಿಸಿಕೊಂಡರು. ಗಮಕಗಳನ್ನು ನುಡಿಸಲು ಅನುಕೂಲವಾಗುವಂತೆ ಮೆಟ್ಟಿಲುಗಳ ನಡುವಿನ ಮರವನ್ನು ಕೊರೆದ, ಶ್ರುತಿಯ ತಂತಿಗಳನ್ನು ಬಿಗಿದ ಹೊಸ ಗಿಟಾರೊಂದನ್ನು ಮಾಡಿಸಿಕೊಂಡರು. ವಿದ್ಯುತ್ತಿನ ಅಬ್ಬರವನ್ನು ಬದಿಗಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನುಡಿಸಿದರು. ಅಂದರೆ, ಘಟದ ಮೆಲುದನಿಗೆ ಎಡೆಮಾಡಿಕೊಡಲು ದೊಡ್ಡ ದನಿಯವರು ತಮ್ಮ ದನಿಯನ್ನು ತಗ್ಗಿಸಿಕೊಂಡರು.

ನಮ್ಮ ನೆಲದವರೇ ಆದ ಕದ್ರಿ ಗೋಪಾಲನಾಥರ ಜೀವನವೂ ಇದನ್ನೇ ಹೇಳುತ್ತದೆ. ನಾಗಸ್ವರ ವಾದಕರ ಮಗನಾಗಿ ಬಂಟ್ವಾಳ ತಾಲ್ಲೂಕಿನಲ್ಲಿ 1949ರಲ್ಲಿ ಹುಟ್ಟಿದ ಅವರು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಮನಸೋತರು. ಕೀಲಿಗಳುಳ್ಳ ಆ ಪಾಶ್ಚಾತ್ಯ ವಾದ್ಯದಿಂದ ಗಮಕವನ್ನು ಹೊರಡಿಸಲು ವರ್ಷಗಟ್ಟಲೆ ಸಾಧನೆ ಮಾಡಿದರು. 1980ರಲ್ಲಿ ಮುಂಬಯಿಯ ಜಾಸ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿಯವರೊಡನೆ ನುಡಿಸಿದ್ದು ಆ ಸಾಧನೆಯ ಅನಂತರವೇ. ಮುಂದೆ ಅಮೆರಿಕದಲ್ಲಿ ಬೆಳೆದ ಜಾಸ್ ಕಲಾವಿದ ರುದ್ರೇಶ್ ಮಹಾಂತಪ್ಪ ಅವರೊಡನೆ ಸೇರಿ 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಾಗ, ಗಿಟಾರು, ಡ್ರಮ್ಮುಗಳ ಪಕ್ಕದಲ್ಲಿಯೇ ಎ. ಕನ್ಯಾಕುಮಾರಿಯವರ ಪಿಟೀಲಿಗೂ ಪೂವಲೂರು ಶ್ರೀಜಿಯವರ ಮೃದಂಗಕ್ಕೂ ಸರಿಸಮನಾದ ಸ್ಥಾನವಿತ್ತು. 2019ರಲ್ಲಿ ಅಗಲಿದ ಆ ಹಿರಿಯರು ಯಾರ ಅಲಂಕಾರಕ್ಕೂ ವೇದಿಕೆಯೇರಿದವರಲ್ಲ.

ಈಗ ನಮ್ಮ ಊರಿನ ವೇದಿಕೆಗೆ ಮರಳೋಣ. ಅಲ್ಲಿ ಶ್ರುತಿಯನ್ನು ನಿರ್ಧರಿಸುವವರು ಯಾರು? ಕೀಬೋರ್ಡಿನವರು. ನಾಗಸ್ವರದ ಶ್ರುತಿ ಅದರ ಕೊಳವೆಯ ಉದ್ದಕ್ಕೂ ರಂಧ್ರಗಳಿಗೂ ಬದ್ಧವಾದದ್ದು. ವೇದಿಕೆಯ ಮೇಲೆ ನಿಂತು ಅದನ್ನು ಒಂದು ಮನೆ ಏರಿಸಲು ಬರುವುದಿಲ್ಲ. ಕೀಬೋರ್ಡಿನಲ್ಲಾದರೋ ಒಂದು ಗುಂಡಿಯನ್ನೊತ್ತಿದರೆ ಶ್ರುತಿ ಬದಲಾಗುತ್ತದೆ. ಆದರೂ ‘ಸ್ವಲ್ಪ ಹೊಂದಿಸಿಕೊಳ್ಳಿ’ ಎಂಬ ಮಾತು ಹೋಗುವುದು ನಾಗಸ್ವರದವರಿಗೇ. ಸುಲಭವಾಗಿ ಬಾಗಬಲ್ಲವನು ನೆಟ್ಟಗೆ ನಿಂತು, ಬಾಗಲಾರದವನನ್ನು ಬಾಗು ಎನ್ನುವುದು ನ್ಯಾಯವೇ?

ರಾಗದ ಗತಿಯೂ ಅಷ್ಟೇ. ನಮ್ಮ ಸಂಗೀತದಲ್ಲಿ ಪ್ರತಿಯೊಂದು ಸ್ವರಕ್ಕೂ ಅರ್ಥ ಬರುವುದು ಅಚಲವಾದ ಷಡ್ಜದಿಂದ. ಮೋಹನ ರಾಗದ ಸ್ವರಗಳನ್ನೇ ಗಾಂಧಾರವನ್ನು ಷಡ್ಜವೆಂದು ಭಾವಿಸಿ ಕೇಳಿದರೆ ಹಿಂದೋಳ ಕೇಳಿಸುತ್ತದೆ. ಹೀಗಿರುವಾಗ, ಹಾಡುವವರ ಕಾಲಡಿಯಲ್ಲಿ ಗಿಟಾರಿನ ಸ್ವರಮೇಳಗಳು ಮನಬಂದಂತೆ ಸ್ಥಾನ ಬದಲಿಸಿದರೆ ರಾಗಕ್ಕೆ ನಿಲ್ಲಲು ನೆಲವೆಲ್ಲಿ? ಜೊತೆಗೂಡಿ ಅಭ್ಯಾಸ ಮಾಡಿದವರು ಇದಕ್ಕೆ ದಾರಿ ಹುಡುಕಬಲ್ಲರು. ಸಂಜೆ ನಾಲ್ಕಕ್ಕೆ ಪರಿಚಯ, ಆರಕ್ಕೆ ಪ್ರದರ್ಶನ ಎಂದಾದರೆ ಉಳಿಯುವುದು ವೇಗ ಮತ್ತು ಗದ್ದಲ ಮಾತ್ರ.

ಜನಪದ ಕಲಾವಿದರ ಪಾಡಂತೂ ಇನ್ನೂ ಶೋಚನೀಯ. ಗಿಟಾರ್ ವಾದಕನ ಹೆಸರು ಆಮಂತ್ರಣದಲ್ಲಿ ಅಚ್ಚಾಗುತ್ತದೆ. ಡೊಳ್ಳಿನವರು ‘ಮತ್ತು ತಂಡ’ವಾಗುತ್ತಾರೆ. ಏಕತಾರಿ ಹಿಡಿದು ತತ್ವಪದ ಹಾಡುವ ಹಿರಿಯರಿಗೆ ಮೈಕು ದೊರೆಯುವುದು ಎಲ್ಲರಿಗೂ ದೊರೆತ ಮೇಲೆ. ಹಾಡು ಎರಡನೆಯ ನುಡಿಗೆ ಬರುವಷ್ಟರಲ್ಲಿ ಡ್ರಮ್ಮಿನ ಅಬ್ಬರದಲ್ಲಿ ಅವರ ದನಿ ಅಡಗಿಹೋಗುತ್ತದೆ. ಅವರ ರುಮಾಲು, ಕಂಬಳಿಗಳು ಛಾಯಾಚಿತ್ರಕ್ಕೆ ಬೇಕು, ಅವರ ಸಂಗೀತ ಬೇಡ. ಇದನ್ನು ಸಂಗಮವೆನ್ನುವುದು ಆ ಪದಕ್ಕೆ ಮಾಡುವ ಅವಮಾನ, ಆ ಕಲಾವಿದರಿಗೆ ಮಾಡುವ ಅನ್ಯಾಯ.

‘ಅಭ್ಯಾಸಕ್ಕೆ ಸಮಯವೆಲ್ಲಿ, ಹಣವೆಲ್ಲಿ?’ ಎಂದು ಸಂಘಟಕರು ಕೇಳಬಹುದು. ಹತ್ತು ಮಂದಿಯನ್ನು ಕರೆಯುವ ಬದಲು ನಾಲ್ವರನ್ನು ಕರೆಯಿರಿ. ಬೆಳಕಿನ ವೈಭವಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಅಭ್ಯಾಸದ ದಿನಗಳ ಸಂಭಾವನೆಗೆ ಮೀಸಲಿಡಿ. ಅದೂ ಸಾಧ್ಯವಿಲ್ಲವೆಂದಾದರೆ, ಒಬ್ಬರಾದ ಮೇಲೆ ಒಬ್ಬರು ತಮ್ಮ ತಮ್ಮ ಸಂಗೀತವನ್ನು ಗೌರವದಿಂದ ನುಡಿಸಿ ಇಳಿಯಲಿ. ಅರೆಬೆಂದ ಸಂಗಮಕ್ಕಿಂತ ಪ್ರಾಮಾಣಿಕವಾದ ಪ್ರತ್ಯೇಕತೆಯೇ ಲೇಸು.

ಓದುಗರಾದ ನಮಗೂ ಇಲ್ಲಿ ಹೊಣೆಯಿದೆ. ಏಕೆಂದರೆ ಗದ್ದಲಕ್ಕೆ ಚಪ್ಪಾಳೆ ತಟ್ಟುವವರು ನಾವೇ. ಮುಂದಿನ ಬಾರಿ ಇಂಥ ಕಾರ್ಯಕ್ರಮಕ್ಕೆ ಹೋದಾಗ, ಯಾರು ಎಷ್ಟು ವೇಗವಾಗಿ ನುಡಿಸಿದರು ಎಂದು ನೋಡಬೇಡಿ. ಒಬ್ಬರು ನುಡಿಸುತ್ತಿರುವಾಗ ಉಳಿದವರು ಏನು ಮಾಡುತ್ತಿದ್ದಾರೆ ಎಂಬುದನ್ನು ಗಮನಿಸಿ. ಅವರು ಕೈಕಟ್ಟಿ ಕಿವಿಗೊಟ್ಟಿದ್ದರೆ ಅಲ್ಲಿ ಸಂಗಮವಿದೆ. ತಮ್ಮ ಸರದಿಗಾಗಿ ತವಕಿಸುತ್ತಿದ್ದರೆ ಅಲ್ಲಿರುವುದು ಬರಿಯ ಸಂತೆ. ಚಪ್ಪಾಳೆಯನ್ನು ಅದಕ್ಕೆ ತಕ್ಕಂತೆ ಅಳೆದು ಕೊಡಿ.