ಕಡಲಾಚೆಯ ತಟ್ಟೆ: ತಪ್ಪು ಮೆಣಸಿನಕಾಯಿಯದಲ್ಲ

ಬ್ಯಾಡಗಿ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಮನೆಗಳಿಂದ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಗಳಿಗೆ ಹೊರಡುವ ಪೆಟ್ಟಿಗೆಗಳಲ್ಲಿ ಖಾರದ ಪುಡಿಗೆ ಒಂದು ಜಾಗ ಮೀಸಲು. ಜೊತೆಗೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಖಡಕ್ ರೊಟ್ಟಿ, ಉಪ್ಪಿನಕಾಯಿ. ಪರದೇಶದಲ್ಲಿರುವ ಮಕ್ಕಳಿಗೆ ನಲವತ್ತರ ಆಸುಪಾಸಿನಲ್ಲೇ ರಕ್ತದೊತ್ತಡವೋ ಮಧುಮೇಹವೋ ಪತ್ತೆಯಾದಾಗ ಮೊದಲ ಆರೋಪ ಹೊರಬೇಕಾಗುವುದೂ ಈ ಪೆಟ್ಟಿಗೆಯೇ. ಆದರೆ ಈ ಆರೋಪದಲ್ಲಿ ಹುರುಳು ಕಡಿಮೆ.

2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಕಡುಗೆಂಪು ಬಣ್ಣಕ್ಕೆ ಮತ್ತು ಕಡಿಮೆ ಖಾರಕ್ಕೆ. ರಕ್ತದೊತ್ತಡದ ಮಟ್ಟಿಗೆ ಲೆಕ್ಕಕ್ಕೆ ಬರಬೇಕಾದುದು ಮೆಣಸಿನಕಾಯಿಯಲ್ಲ, ಚಟ್ನಿ ಮತ್ತು ಉಪ್ಪಿನಕಾಯಿಯ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರೊಬ್ಬರ ದಿನದ ಉಪ್ಪು 5 ಗ್ರಾಂಗಿಂತ, ಅಂದರೆ ಸುಮಾರು ಒಂದು ಚಹಾ ಚಮಚಕ್ಕಿಂತ ಕಡಿಮೆ ಇರಬೇಕು. ಅಲ್ಲಿನ ಬ್ರೆಡ್, ಚೀಸ್, ಸಿದ್ಧ ಸೂಪುಗಳಲ್ಲಿ ಕಣ್ಣಿಗೆ ಕಾಣದಂತೆ ಸೇರಿರುವ ಉಪ್ಪಿನ ಮೇಲೆ ಊರಿನ ಉಪ್ಪಿನಕಾಯಿಯೂ ಸೇರಿದರೆ ಈ ಮಿತಿ ದಾಟಲು ಹೊತ್ತು ಬೇಕಿಲ್ಲ.

ಮಾಪನವೇ ಬೇರೆ

ಅಮೆರಿಕದಲ್ಲಿ ನೆಲೆಸಿದ ದಕ್ಷಿಣ ಏಷ್ಯನ್ನರ ಹೃದಯಾರೋಗ್ಯ ಕುರಿತು 2010ರಲ್ಲಿ ಆರಂಭವಾದ ಅಧ್ಯಯನದ ಸಂಕ್ಷಿಪ್ತ ಹೆಸರು ‘ಮಸಾಲಾ’. ಅದರಲ್ಲಿ ಭಾಗವಹಿಸಿದವರ ಪೈಕಿ ಮಧುಮೇಹಿಗಳ ಪ್ರಮಾಣ ಶೇ 23ರಷ್ಟಿತ್ತು. ಹೋಲಿಕೆಗೆ ತೆಗೆದುಕೊಂಡ ಬಿಳಿಯರಲ್ಲಿ ಅದು ಶೇ 6 ಮಾತ್ರ. ದಕ್ಷಿಣ ಏಷ್ಯನ್ನರ ದೇಹದಲ್ಲಿ ಕಡಿಮೆ ತೂಕದಲ್ಲೇ ಹೊಟ್ಟೆಯ ಸುತ್ತ ಕೊಬ್ಬು ಸಂಗ್ರಹವಾಗುವುದು ಇದಕ್ಕೆ ಮುಖ್ಯ ಕಾರಣಗಳಲ್ಲೊಂದು.

ಆದ್ದರಿಂದಲೇ ಅಮೆರಿಕದ ಮಧುಮೇಹ ಸಂಘ 2015ರಲ್ಲಿ ಏಷ್ಯಾ ಮೂಲದವರಿಗೆ ತಪಾಸಣೆಯ ಮಿತಿಯನ್ನು ದೇಹತೂಕ ಸೂಚ್ಯಂಕ 25ರಿಂದ 23ಕ್ಕೆ ಇಳಿಸಿತು. ಐದೂವರೆ ಅಡಿಗೆ ಸಮೀಪದ, 165 ಸೆಂ.ಮೀ. ಎತ್ತರದ ವ್ಯಕ್ತಿಗೆ ಇದರ ಅರ್ಥ ಇಷ್ಟೇ: 68 ಕೆ.ಜಿ.ಯವರೆಗೆ ಕಾಯದೆ 63 ಕೆ.ಜಿ.ಗೇ ರಕ್ತ ಪರೀಕ್ಷೆ ಮಾಡಿಸಬೇಕು. ಅಲ್ಲಿನವರ ಪಕ್ಕ ನಿಂತಾಗ ತೆಳ್ಳಗೆ ಕಾಣುವುದು ಆರೋಗ್ಯದ ಪ್ರಮಾಣಪತ್ರವಲ್ಲ.

ಪೆಟ್ಟಿಗೆಯಲ್ಲಿ ಬಾರದ್ದು

ಊರಿನ ಊಟದಲ್ಲಿ ಜೋಳದ ರೊಟ್ಟಿಯ ಜೊತೆ ಕಾಳಿನ ಪಲ್ಯ, ಹಸಿ ಸೊಪ್ಪು, ಮೊಸರು ಇರುತ್ತವೆ. ಊಟದ ಹಿಂದೆ ನಡಿಗೆ, ದುಡಿಮೆ ಇರುತ್ತವೆ. ವಲಸೆಯಲ್ಲಿ ರುಚಿ ಉಳಿದು ಉಳಿದದ್ದು ಕಳಚಿಕೊಳ್ಳುತ್ತದೆ. ರೊಟ್ಟಿಯ ಜಾಗಕ್ಕೆ ಬಿಳಿ ಅನ್ನ, ಮೈದಾ. ನಡಿಗೆಯ ಜಾಗಕ್ಕೆ ಕಾರು. ಆದರೆ ದೊಡ್ಡ ನಗರಗಳ ಭಾರತೀಯ ಅಂಗಡಿಗಳಲ್ಲಿ ಜೋಳದ ಹಿಟ್ಟು, ಹೆಸರು, ಮಡಕಿ ಇಂದು ಸಿಗುತ್ತವೆ. ಪಾಲಕ್ ಮತ್ತು ಎಲೆಕೋಸಿಗೆ ಊರಿನ ಅಂಗಡಿಯೂ ಬೇಕಿಲ್ಲ.

ಬಿಸಿಲೂ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಬ್ರಿಟನ್ನಿನಲ್ಲಿ ಅಕ್ಟೋಬರ್‌ನಿಂದ ಮಾರ್ಚ್ ಆರಂಭದವರೆಗಿನ ಬಿಸಿಲಿನಿಂದ ಚರ್ಮ ಸಾಕಷ್ಟು ವಿಟಮಿನ್ ಡಿ ತಯಾರಿಸಲಾರದು. ಆಫ್ರಿಕಾ ಮತ್ತು ದಕ್ಷಿಣ ಏಷ್ಯಾ ಮೂಲದ ಕಪ್ಪು, ಕಂದು ಮೈಬಣ್ಣದವರು ವರ್ಷವಿಡೀ ದಿನಕ್ಕೆ 10 ಮೈಕ್ರೊಗ್ರಾಂ ವಿಟಮಿನ್ ಡಿ ಸೇವಿಸುವ ಬಗ್ಗೆ ಯೋಚಿಸಬೇಕೆಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೇ ಸಲಹೆ ನೀಡುತ್ತದೆ. ಸಸ್ಯಾಹಾರಿಗಳಿಗೆ ಬಿ12 ಕೊರತೆಯ ಭಯವೂ ಇದೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಈ ಕೊರತೆ ಹೆಚ್ಚು. ಕಾಲು ಜುಮುಗುಟ್ಟುವುದನ್ನು ಚಳಿಯ ತಲೆಗೆ ಕಟ್ಟದೆ ಬಿ12 ಪರೀಕ್ಷೆ ಮಾಡಿಸುವುದು ಮೇಲು.

ಮಕ್ಕಳ ಬಾಣಂತನಕ್ಕೆಂದು ತಿಂಗಳುಗಟ್ಟಲೆ ಹೋಗುವ ತಂದೆತಾಯಿಯರ ಸ್ಥಿತಿ ಇನ್ನೂ ನಾಜೂಕು. ಪ್ರವಾಸಿ ವಿಮೆಗಳಲ್ಲಿ ಹಲವು, ಮೊದಲೇ ಇದ್ದ ಕಾಯಿಲೆಗಳ ಖರ್ಚು ಭರಿಸುವುದಿಲ್ಲ. ಇಡೀ ಅವಧಿಗೆ ಸಾಲುವ ಮಾತ್ರೆ, ಔಷಧದ ಮೂಲ ಹೆಸರು ಬರೆದ ವೈದ್ಯರ ಚೀಟಿ ಹಾಗೂ ಹೊರಡುವ ಮುನ್ನ ಒಂದು ತಪಾಸಣೆ ಚಟ್ನಿಪುಡಿಗಿಂತ ಮುಖ್ಯ.

ಪೇಟೆಯ ಹೊಣೆ

ಹಾಗೆಂದು ಖಾರದ ಪುಡಿ ಸಂಪೂರ್ಣ ನಿರ್ದೋಷಿಯೇನಲ್ಲ. ಭಾರತದಿಂದ ಹೋದ ಮೆಣಸಿನ ಪುಡಿಯಲ್ಲಿ ಸುಡಾನ್ ಎಂಬ ನಿಷಿದ್ಧ ಬಣ್ಣ 2003ರಲ್ಲಿ ಯುರೋಪಿನಲ್ಲಿ ಪತ್ತೆಯಾಯಿತು. 2005ರಲ್ಲಿ ಬ್ರಿಟನ್ ಅದೇ ಬಣ್ಣ ಬೆರೆತ ನೂರಾರು ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ವಾಪಸ್ ತರಿಸಿತು. ಏಪ್ರಿಲ್ 2024ರಲ್ಲಿ ಎಥಿಲೀನ್ ಆಕ್ಸೈಡ್ ಕಾರಣಕ್ಕೆ ಹಾಂಗ್‌ಕಾಂಗ್ ಮತ್ತು ಸಿಂಗಪುರಗಳು ಭಾರತದ ಕೆಲವು ಮಸಾಲೆಗಳ ವಿರುದ್ಧ ಕ್ರಮ ಕೈಗೊಂಡವು. ತೇವ ಉಳಿದ ಕಾಯಿಯಲ್ಲಿ ಬೆಳೆಯುವ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ವಿಷ.

ಬಣ್ಣವೇ ಬೆಲೆಯಾಗಿರುವ ಕಡೆ ಕೃತಕ ಬಣ್ಣದ ಆಮಿಷವೂ ಇರುತ್ತದೆ. ಸಹಜ ಕೆಂಪಿಗೆ ಹೆಸರಾದ ಬ್ಯಾಡಗಿಗೆ ಇದರಿಂದ ಆಗುವ ನಷ್ಟ ಉಳಿದೆಲ್ಲರಿಗಿಂತ ಹೆಚ್ಚು. ಚೆನ್ನಾಗಿ ಒಣಗಿಸಿದ ಕಾಯಿಗೆ ಪೇಟೆಯಲ್ಲಿ ತಕ್ಕ ಬೆಲೆ ಸಿಕ್ಕರೆ ಮಾತ್ರ ರೈತ ಒಣಗಿಸುವ ಶ್ರಮ ವಹಿಸುತ್ತಾನೆ. ಮಾರ್ಚ್ 2024ರಲ್ಲಿ ದರ ಕುಸಿತದಿಂದ ಕೆರಳಿದ ಬೆಳೆಗಾರರ ಆಕ್ರೋಶ ಇಲ್ಲಿನ ಮಾರುಕಟ್ಟೆ ಪ್ರಾಂಗಣದಲ್ಲಿ ಬೆಂಕಿಯಾಗಿ ಹೊತ್ತಿತ್ತೆಂಬುದನ್ನು ಮರೆಯಲಾಗದು.

ಮನೆಯಲ್ಲೇ ಕಾಯಿ ಆರಿಸಿ, ಒಣಗಿಸಿ, ಕುಟ್ಟಿಸಿ ಕಳಿಸುವ ತಾಯಂದಿರ ಪದ್ಧತಿ ಈ ದೃಷ್ಟಿಯಿಂದ ಸರಿಯಾಗಿಯೇ ಇದೆ. ಆಸ್ಟ್ರೇಲಿಯಕ್ಕೆ ಒಯ್ಯುವವರು ವಿಮಾನ ನಿಲ್ದಾಣದಲ್ಲಿ ಆ ಪೊಟ್ಟಣವನ್ನು ಘೋಷಿಸಬೇಕು, ಅಷ್ಟೆ. ಮುಂದಿನ ಫೋನ್ ಕರೆಯಲ್ಲಿ ‘ಖಾರ ಮುಟ್ಟಿತೇ’ ಎಂದು ಕೇಳುವಾಗಲೇ ‘ಸಕ್ಕರೆ ಎಷ್ಟಿದೆ’ ಎಂದೂ ಕೇಳಿದರೆ, ಆ ಪೆಟ್ಟಿಗೆ ಕಳಿಸಿದ್ದು ಸಾರ್ಥಕ.